ಹಳೆ ಕಾರ್ಖಾನೆ, ಹೊಸ ಪೇಟೆ: ಈ ವಾರದ ಚರ್ಚೆಗೆ ಸೂಚನೆ

ಗೆಳೆಯರೇ, ಹಳೆ ಕೈಗಾರಿಕಾ ಕಟ್ಟಡಗಳನ್ನು ಉಳಿಸಿ ಹೊಸ ಬಳಕೆಗೆ ತರುವುದು ಈ ವಾರದ ವಿಷಯ. ಭಾನುವಾರದ ಚರ್ಚೆಗೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಪ್ರದೇಶವನ್ನು ತೆಗೆದುಕೊಳ್ಳೋಣ.

ಅಲ್ಲಿ 1852ರಲ್ಲಿ ಕಟ್ಟಿದ ಧಾನ್ಯದ ಉಗ್ರಾಣವಿದೆ. 2011ರಿಂದ ಅದು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜಿನ ಭಾಗ. ರೈಲಿನಿಂದ ಕಲ್ಲಿದ್ದಲು ಇಳಿಸುತ್ತಿದ್ದ ಉದ್ದನೆಯ ಕಟ್ಟಡಗಳು 2018ರಲ್ಲಿ ಅಂಗಡಿ ಸಾಲುಗಳಾದವು. ಗ್ಯಾಸ್ ತುಂಬಿಡುತ್ತಿದ್ದ ದೊಡ್ಡ ಟ್ಯಾಂಕುಗಳ ಕಬ್ಬಿಣದ ಚೌಕಟ್ಟುಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ನಿಲ್ಲಿಸಿದ್ದಾರೆ. ಅವುಗಳ ಒಳಗೆ ಈಗ ಜನ ವಾಸ ಮಾಡುತ್ತಾರೆ! ನನಗಂತೂ ಇಡೀ ಯೋಜನೆಯಲ್ಲಿ ಇದೇ ಜಾಸ್ತಿ ಇಷ್ಟ. ಟೊರೊಂಟೊದ ಡಿಸ್ಟಿಲರಿ ಡಿಸ್ಟ್ರಿಕ್ಟ್ ಬಗ್ಗೆಯೂ ಯಾರಾದರೂ ಬರೆಯಿರಿ. ಅಲ್ಲಿನ ಮದ್ಯದ ಕಾರ್ಖಾನೆ 1990ರಲ್ಲಿ ಮುಚ್ಚಿತು, 2003ರಲ್ಲಿ ಆ ಜಾಗ ಕಾಲ್ನಡಿಗೆಯ ಪೇಟೆಯಾಗಿ ತೆರೆಯಿತು.

ಒಂದು ವಿನಂತಿ. ಸುಮ್ನೆ ಚೆಂದದ ಫೋಟೊ ಹಾಕಿ ನಿಲ್ಲಿಸಬೇಡಿ. ಆ ಕಟ್ಟಡದಲ್ಲಿ ಮೊದಲು ಏನು ಕೆಲಸ ನಡೆಯುತ್ತಿತ್ತು ಎಂದೂ ಬರೆಯಿರಿ. ನೆಲದ ವಿಷಯವನ್ನಂತೂ ಮರೆಯಲೇಬೇಡಿ. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುತ್ತಿದ್ದ ಹಳೆ ಕಾರ್ಖಾನೆಗಳ ಮಣ್ಣಿನಲ್ಲಿ ಟಾರು, ಸೈನೈಡ್ ಉಳಿದಿರುತ್ತವೆ. ಅದನ್ನು ಸ್ವಚ್ಛ ಮಾಡದೆ ಮನೆ ಕಟ್ಟುವಂತಿಲ್ಲ. ಖರ್ಚು ಏರುವುದು ಹೆಚ್ಚಾಗಿ ಇಲ್ಲೇ. ಆ ಹಣ ವಾಪಸ್ ಬರಲಿ ಎಂದು ಬಾಡಿಗೆ ಏರಿಸುತ್ತಾರೆ. ಆಗ ಸುತ್ತಲಿನ ಹಳೆ ನಿವಾಸಿಗಳೇ ಜಾಗ ಬಿಡಬೇಕಾಗುತ್ತದೆ, ಅಲ್ವಾ? ಇಟ್ಟಿಗೆ ಗೋಡೆ ಉಳಿದು ಜನ ಹೋದರೆ ಅದನ್ನು ನಾನು ಗೆಲುವು ಎನ್ನಲಾರೆ. ಇದಕ್ಕೆ ಒಪ್ಪದವರು ದಯವಿಟ್ಟು ಕಾರಣ ಬರೆಯಿರಿ, ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.

ಶನಿವಾರ ರಾತ್ರಿಯೊಳಗೆ ನಿಮ್ಮ ಉದಾಹರಣೆ ಕಳಿಸಿ. ಒಬ್ಬರಿಗೆ ಒಂದೇ ಜಾಗ ಸಾಕು.