ಲಾರಿ ಎಂಜಿನ್ ದೋಷ ಹುಡುಕದೆ ಬರೀ ಕೋಡ್ ಅಳಿಸಿ ಕಳಿಸುತ್ತಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಂಪನಿಯ ಹತ್ತು ಚಕ್ರದ, ಬಿಎಸ್ 6 ಹೊಗೆ ನಿಯಮದ ಲಾರಿ ನನ್ನದು. ಚಿತ್ರದುರ್ಗದಿಂದ ಮಂಗಳೂರಿಗೆ ಮೆಕ್ಕೆಜೋಳ ಹೊಡೆಯುತ್ತೇನೆ, ವಾಪಸ್ ಬರುವಾಗ ಪಣಂಬೂರಿನಿಂದ ಗೊಬ್ಬರ. ಓನರೂ ನಾನೇ, ಡ್ರೈವರೂ ನಾನೇ. ಫೋನಲ್ಲಿ ಸಾಕಷ್ಟು ಸಲ ವಿನಯವಾಗಿ ಹೇಳಿ ಆಗಿದೆ. ಪ್ರತಿ ಸಲವೂ ಒಂದು ಕಂಪ್ಲೇಂಟ್ ನಂಬರ್ ಬಂತು, ಮನುಷ್ಯರು ಬರಲಿಲ್ಲ. ಅದಕ್ಕೇ ಈ ಪತ್ರ.

ಖಾಲಿ ಗಾಡಿಗೆ ಯಾವ ತೊಂದರೆಯೂ ಇಲ್ಲ. ಲೋಡ್ ಹಾಕಿಕೊಂಡು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಸೈಲೆನ್ಸರ್ ಭಾಗ ಚೆನ್ನಾಗಿ ಕಾದ ಮೇಲೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಆಮೇಲೆ ಪಿಕಪ್ ಬೀಳುತ್ತದೆ. ಹಾಗೇ ಓಡಿಸುತ್ತಾ ಹೋದರೆ ಕೊನೆಗೆ ಗಾಡಿ 20 ಕಿಲೋಮೀಟರ್ ಸ್ಪೀಡ್ ದಾಟಲ್ಲ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್‌ನಿಂದ ಸರಿಯಾದ ಸಿಗ್ನಲ್ ಬರದಿದ್ದರೆ ಎಂಜಿನ್ ಕಂಪ್ಯೂಟರ್ ತಾನಾಗೇ ಶಕ್ತಿ ಇಳಿಸುತ್ತದೆ. ಬಿಎಸ್ 6 ಗಾಡಿ ಕಟ್ಟಿರುವುದೇ ಹಾಗೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಸರ್ವಿಸ್ ಸೆಂಟರಿನವರಿಗೆ ಯಾರಾದರೂ ಹೇಳಿಕೊಟ್ಟರೆ ಪುಣ್ಯ ಬರುತ್ತದೆ.

ಅವರ ರಿಪೇರಿ ಅಂದರೆ ಸ್ಕ್ಯಾನರ್ ಹಾಕುವುದು, ಎಂಜಿನ್ ಕಂಪ್ಯೂಟರ್ ತೋರಿಸುವ ದೋಷದ ಕೋಡ್ ಅಳಿಸುವುದು, ಲೈಟ್ ಹೋಯ್ತು ನೋಡಿ ಅನ್ನುವುದು. ಒಂದು ಸೆನ್ಸರ್ ವಾರಂಟಿಯಲ್ಲಿ ಬದಲಾಯಿತು, ಇನ್ನೊಂದು ನನ್ನ ದುಡ್ಡಲ್ಲಿ. ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಚಿಮ್ಮಿಸುವ ಇಂಜೆಕ್ಟರ್‌ನಲ್ಲಿ ಬಿಳಿ ಹರಳು ಕಟ್ಟಿದೆ ಅಂತ ತೊಳೆದೂ ಆಯಿತು. ಘಾಟಿಯಲ್ಲಿ ಮತ್ತೆ ಅದೇ ಕೋಡ್. ಜಾಬ್ ಕಾರ್ಡ್ ಮುಚ್ಚುವ ಮೊದಲು ರೋಡ್ ಟ್ರಯಲ್ ಮಾಡಬೇಕು ಅಂತ ನಿಮ್ಮದೇ ನಿಯಮ, ಕಾರ್ಡಲ್ಲೇ ಅಚ್ಚಾಗಿದೆ. ನನ್ನ ಎಲ್ಲ ಕಾರ್ಡಲ್ಲೂ ಅದಕ್ಕೆ ಟಿಕ್ ಬಿದ್ದಿದೆ. ಆದರೆ ಗಾಡಿ ಒಳಗೆ ಬಂದಾಗ ಬರೆದ ಕಿಲೋಮೀಟರು, ಹೊರಗೆ ಹೋದಾಗ ಬರೆದ ಕಿಲೋಮೀಟರು ಎರಡೂ ಒಂದೇ. ಚಕ್ರ ಉರುಳದೆ ರೋಡ್ ಟ್ರಯಲ್ ಮಾಡುವ ವಿದ್ಯೆ ನಿಮ್ಮಲ್ಲಿದೆ ಅಂತ ಗಾಡಿ ಕೊಳ್ಳುವಾಗ ಯಾರೂ ಹೇಳಿರಲಿಲ್ಲ.

ಕಳೆದ ಸಲ ಸಕಲೇಶಪುರದಲ್ಲಿ ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಒಬ್ಬರು ಗಾಡಿ ಕೆಳಗೆ ಮಲಗಿ ಟಾರ್ಚ್ ಹಿಡಿದರು. ಸೆನ್ಸರ್‌ಗೆ ಹೋಗುವ ವೈರಿಂಗ್ ಚಾಸಿಸ್ ಕ್ಲ್ಯಾಂಪಿಗೆ ಉಜ್ಜಿ ಉಜ್ಜಿ ಸುಲಿದುಹೋಗಿದೆ, ಒಳಗಿನ ತಾಮ್ರ ಹಸಿರು ತಿರುಗಿದೆ. ವಾರಂಟಿ ಹೋಗುತ್ತದೆ ಅಂತ ನಾನೇ ಮುಟ್ಟಲು ಬಿಡಲಿಲ್ಲ. ಫೋಟೋ ತೆಗೆದುಕೊಂಡು ಸೀದಾ ನಿಮ್ಮ ಸರ್ವಿಸ್ ಸೆಂಟರಿಗೆ ಬಂದೆ.

ಅಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ, ದಯವಿಟ್ಟು ಓದಿ. ಅಡ್ವೈಸರ್ ಫೋಟೋ ನೋಡಲಿಲ್ಲ. ನನ್ನ ಖಾಕಿ ಶರ್ಟ್ ನೋಡಿದರು. "ನೀನು ಹೊರಗೆ ಕೂತ್ಕೋ, ಓನರ್‌ಗೆ ಬರೋಕೆ ಹೇಳು" ಅಂದರು. ನಾನೇ ಓನರ್ ಸಾರ್ ಅಂದೆ. "ಹಂಗಲ್ಲಪ್ಪ, ಗಾಡಿ ಯಾರ ಹೆಸರಲ್ಲಿದೆ?" ನನ್ನ ಹೆಸರಲ್ಲೇ ಅಂದೆ. ನಂಬಿಕೆ ಬರಲಿಲ್ಲ. ಕಂಪ್ಯೂಟರಲ್ಲಿ ಗಾಡಿ ನಂಬರ್ ಹಾಕಿ, ಓನರ್ ಫೋನ್ ನಂಬರ್ ಹುಡುಕಿ, ನನ್ನ ಎದುರಿಗೇ ಫೋನ್ ಹಚ್ಚಿದರು. ನನ್ನ ಜೇಬು ರಿಂಗ್ ಆಯಿತು. ಅವರು ಜೇಬನ್ನೇ ನೋಡುತ್ತಾ ಫೋನ್ ಕಿವಿಯಿಂದ ತೆಗೆಯದೆ ನಿಂತರು. ನಾನು ಎತ್ತಿ "ಹಲೋ, ಓನರ್ ಮಾತಾಡ್ತಿರೋದು" ಅಂದೆ. ಪಕ್ಕದ ಕೌಂಟರ್ ಹುಡುಗರು ನಕ್ಕರು. ಅಡ್ವೈಸರ್ ಮುಖ ಕೆಂಪಗಾಯಿತು.

ಅಲ್ಲಿಗೆ ವೈರಿಂಗ್ ವಿಷಯ ಮುಗಿದು ನನ್ನ ವಿಷಯ ಶುರುವಾಯಿತು. "ನಿಮ್ಮಂಥೋರು ನಕಲಿ ಯೂರಿಯಾ ಹಾಕ್ತೀರ, ಆಮೇಲೆ ನಮ್ಮ ಮೇಲೆ ಬರ್ತೀರ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು. ಬಿಲ್ ತೆಗೆದಿಟ್ಟೆ. ಎಲ್ಲ ಬಕೆಟ್ಟೂ ಅವರದೇ ಪಾರ್ಟ್ಸ್ ಕೌಂಟರಿನಿಂದ ಕೊಂಡದ್ದು. ಹಾಗಾದರೆ ನಕಲಿ ಯಾರದು? ಟ್ಯಾಂಕಿಂದ ಒಂದು ತೊಟ್ಟು ತೆಗೆದು ಮೀಟರಲ್ಲಿ ನೋಡಿ, ಯೂರಿಯಾ ಸರಿಯಾಗಿ ಶೇ. 32.5 ಇದೆಯೋ ಇಲ್ಲವೋ ಈಗಲೇ ಗೊತ್ತಾಗುತ್ತದೆ ಅಂದೆ. ಮೀಟರ್ ಬೀರುವಿನಲ್ಲಿದೆ, ಬೀಗ ಹಾಕಿದವರು ರಜೆಯಲ್ಲಿದ್ದಾರೆ ಅಂದರು. ಕೊನೆಗೆ ಜಾಬ್ ಕಾರ್ಡಲ್ಲಿ "ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದಾರೆ" ಅಂತ ಬರೆದು ಸಹಿ ಮಾಡು ಅಂದರು. ಮಾಡಲಿಲ್ಲ. ಕೋಡ್ ಅಳಿಸಿ ಕಳಿಸಿದರು, ಎಂದಿನಂತೆ.

ಆ ವೈರಿಂಗ್ ಪೂರ್ತಿ ಬದಲಾಯಿಸಿ. ನಿಮ್ಮ ಟೆಕ್ನಿಷಿಯನ್ ಲ್ಯಾಪ್‌ಟಾಪ್ ಹಿಡಿದು ಲೋಡ್ ಗಾಡಿಯಲ್ಲಿ ನನ್ನ ಜೊತೆ ಘಾಟಿ ಹತ್ತಲಿ. ಸೆನ್ಸರ್ ದುಡ್ಡು ವಾಪಸ್ ಕೊಡಿ. ಇಷ್ಟೇ ಕೇಳುತ್ತಿರುವುದು. ನಿಂತ ಗಾಡಿಗೂ ಇಎಂಐ ಕಟ್ಟುತ್ತಿದ್ದೇನೆ, ಆ ಲೆಕ್ಕ ಇನ್ನೂ ತೆಗೆದಿಲ್ಲ.

15 ದಿನ ಕಾಯುತ್ತೇನೆ. ಆಮೇಲೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ಕೊಂಡ ಲಾರಿ, ಇವರು ಗ್ರಾಹಕರೇ ಅಲ್ಲ ಅಂತ ನಿಮ್ಮ ವಕೀಲರು ಹೇಳುತ್ತಾರೆ, ಅಲ್ವಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿಸಿಕೊಂಡು ಬಂದಿದ್ದೇನೆ. ಸ್ವಂತ ದುಡಿಮೆಯಲ್ಲಿ ಜೀವನ ಮಾಡಲೆಂದೇ ಕೊಂಡು ಬಳಸುವವನು ಗ್ರಾಹಕನೇ. ಓನರ್ ತಾನೇ ಡ್ರೈವ್ ಮಾಡುತ್ತಾನೆ ಅನ್ನುವುದಕ್ಕೆ ನಿಮ್ಮ ಅಡ್ವೈಸರೇ ಸಾಕ್ಷಿ. ಅವರ ಫೋನಲ್ಲಿ ಆ ಕಾಲ್ ಇದೆ, ಸಾಕ್ಷಿಗೆ ಅವರನ್ನೇ ಕರೆಸುತ್ತೇನೆ.

ಕೇಸ್ ಮುಗಿಯುವ ತನಕ ಸುಮ್ನೆ ಕೂರಲ್ಲ. ಆ ಕಿಲೋಮೀಟರ್ ಬದಲಾಗದ ಜಾಬ್ ಕಾರ್ಡನ್ನು ದೊಡ್ಡ ಬ್ಯಾನರ್ ಮಾಡಿಸಿ, ನಿಮ್ಮ ಕಂಪನಿ ಹೆಸರಿನ ಸಮೇತ ಗಾಡಿ ಹಿಂದೆ ಕಟ್ಟುತ್ತೇನೆ. ಶಿರಾಡಿಯಲ್ಲಿ ನನ್ನ ಹಿಂದೆ ಸಾಲುಗಟ್ಟಿ ಬರುವವರಿಗೆ ಓದಲು ಟೈಮ್ ಬೇಕಾದಷ್ಟು ಸಿಗುತ್ತದೆ. 20ರ ಸ್ಪೀಡ್ ಅಲ್ವಾ.

ಇತಿ,
ಓನರ್ ಮತ್ತು ಡ್ರೈವರ್