ತೊಟ್ಟಿ ಪಳಗಿದ ಮೇಲೆ ಮೀನು ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಏಪ್ರಿಲ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು 60 ಲೀಟರಿನ ಗಾಜಿನ ತೊಟ್ಟಿ, ಮರಳು, ಉಪ್ಪಿನ ಪೊಟ್ಟಣ ಹಾಗೂ ಕಿತ್ತಳೆ ಬಣ್ಣದ ಎರಡು ಕ್ಲೌನ್ ಎಂಬ ಕಡಲ ಮೀನುಗಳನ್ನು ಒಂದೇ ಬಿಲ್ಲಿನಲ್ಲಿ ಮನೆಗೆ ತಂದೆ. ಅಂದೇ ಸಂಜೆ ನೀರು ತುಂಬಿ ಮೀನು ಬಿಟ್ಟೆವು. ಐದನೆಯ ದಿನ ಅವು ನೀರಿನ ಮೇಲ್ಭಾಗಕ್ಕೆ ಬಂದು ಕಿವಿರುಗಳನ್ನು ಬಡಬಡನೆ ಆಡಿಸತೊಡಗಿದವು. ಒಂಬತ್ತನೆಯ ದಿನ ಎರಡೂ ಸತ್ತವು. ಆಮೇಲೆ ತರಿಸಿದ, ಅಮೋನಿಯ ಅಳೆಯುವ ಪರೀಕ್ಷಾ ಕಿಟ್‌ನ ನಳಿಕೆಯಲ್ಲಿ ಹಳದಿಯಾಗಿರಬೇಕಿದ್ದ ನೀರು ಕಡುಹಸಿರಾಯಿತು. ಅವುಗಳನ್ನು ಕೊಂದದ್ದು ಅಮೋನಿಯ.

ಮೀನಿನ ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರ್‌ಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವುದನ್ನು ಕಾಯಬೇಕು; ತೊಟ್ಟಿ ಪಳಗುವುದೆಂದರೆ ಇದೇ. ಕಡಲ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ಕ್ಕಿಂತ ಮೇಲಿರುವುದರಿಂದ ಅಷ್ಟೇ ಅಮೋನಿಯ ಅಲ್ಲಿ ಇನ್ನಷ್ಟು ವಿಷವಾಗುತ್ತದೆ ಎಂಬುದನ್ನು ನಾನು ತಡವಾಗಿ ತಿಳಿದೆ.

ಚಿಕ್ಕ ತೊಟ್ಟಿ ಸುಲಭವೆಂಬ ನಂಬಿಕೆಯೂ ತಪ್ಪು. ಕರಾವಳಿಯ ಸೆಕೆಯಲ್ಲಿ ನೀರಿನ ಉಷ್ಣತೆಯನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಇಡಲು ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ. 60 ಲೀಟರಿನಲ್ಲಿ ಏಳು ಲೀಟರ್ ಕಡಿಮೆಯಾದರೆ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು 39 ಗ್ರಾಂ ದಾಟುತ್ತದೆ. ಆದುದರಿಂದ ದಿನವೂ ತುಂಬಬೇಕಾದದ್ದು ಉಪ್ಪುನೀರನ್ನಲ್ಲ, ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿದ ಸಿಹಿನೀರನ್ನು. ಕಡಲು ಹತ್ತಿರವಿದೆಯೆಂದು ಕೊಡದಲ್ಲಿ ನೀರು ತರುವವರೂ ಇದ್ದಾರೆ. ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಬಳಿ ಮಳೆಗಾಲದಲ್ಲಿ ಆ ನೀರು ಎಷ್ಟು ಸಪ್ಪೆಯಾಗಿರುತ್ತದೆ ಎಂಬುದನ್ನು ಅವರು ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆದು ನೋಡಬೇಕು.

ಇನ್ನೊಂದು ಮಾತು ಹೇಳಲೇಬೇಕು. ತೊಟ್ಟಿಯ ಅಂದಕ್ಕೆಂದು ಹವಳ, ಕಡಲ ಕುದುರೆಗಳನ್ನು ಕೇಳುವವರಿದ್ದಾರೆ. ನಮ್ಮ ಕಡಲಿನ ಹವಳಗಳಿಗೂ ಕಡಲ ಕುದುರೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳ ಅಲ್ಲೇ ಇರಲಿ. ಕ್ಲೌನ್ ಮೀನುಗಳನ್ನು ಮರಿಮಾಡಿಸುವ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿರುವಾಗ, ಕಡಲಿನಿಂದ ಹಿಡಿದು ತಂದ ಮೀನಿನ ಬದಲು ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಪಡೆಯಬಹುದು. ಅವು ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ.

ಈಗ ನಮ್ಮ ತೊಟ್ಟಿಗೆ ಏಳನೆಯ ವಾರ. ಮೊನ್ನೆ ಭಾನುವಾರ ನಳಿಕೆಯ ನೀರು ಮೊದಲ ಬಾರಿಗೆ ಹಳದಿಯಾಗಿಯೇ ಉಳಿದಾಗ ಮಗಳು ಅದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು. ಮಾರಾಟಗಾರರಲ್ಲಿ ನನ್ನ ವಿನಂತಿ ಇಷ್ಟೇ: ಹೊಸಬರಿಗೆ ಮೊದಲ ದಿನ ತೊಟ್ಟಿ, ಉಪ್ಪು, ಪರೀಕ್ಷಾ ಕಿಟ್ ಮಾತ್ರ ಕೊಡಿ, ನೀರಿನ ಮಾದರಿಯನ್ನು ತಂದು ತೋರಿಸಿದ ಮೇಲೆ ಮೀನು ಕೊಡಿ.

— ಓರ್ವ ಓದುಗ, ಮಂಗಳೂರು