ಎಚ್ಚರವಾದಾಗ ಏನು ಉಳಿದಿರುತ್ತೆ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಂಡಾಶಯದಲ್ಲಿ ಸಿಸ್ಟ್, ಅಂದರೆ ಒಳಗೆ ದ್ರವವೋ ಜಿಡ್ಡೋ ತುಂಬಿದ ಚೀಲ, ಇದೆ, ಆಪರೇಷನ್ ಆಗಬೇಕು ಅನ್ನುವ ಸ್ಕ್ಯಾನಿನ ಸುದ್ದಿ ಮನೆಮಂದಿಗೆಲ್ಲ ಗೊತ್ತಿರುವುದೇ, ಅದನ್ನು ಬಿಡೋಣ. 'ಮಲಗಿಸಿಬಿಟ್ಟ ಮೇಲೆ ಏನೇನು ತೆಗೆದರೋ, ಎಚ್ಚರವಾದಾಗಲೇ ಗೊತ್ತಾಗೋದು' ಅಂತ ಬರೆದಿದ್ದೀಯಲ್ಲ, ಆ ಸಾಲು ತಲೆಯಿಂದ ಹೋಗುತ್ತಿಲ್ಲ.

ನಿನ್ನದರಂಥ 12 ಸೆಂಟಿಮೀಟರ್ ಸಿಸ್ಟ್ ತಾನಾಗಿ ಕರಗುವುದು ಅಪರೂಪ. ಭಾರಕ್ಕೆ ಅಂಡಾಶಯ ತೊಟ್ಟಿನಲ್ಲಿ ತಿರುಚಿಕೊಂಡರೆ ರಕ್ತದ ಓಡಾಟ ನಿಂತುಹೋಗುತ್ತದೆ. ಒಂದೇ ಪಕ್ಕಕ್ಕೆ ಥಟ್ಟನೆ ಜೋರು ನೋವು, ಜೊತೆಗೆ ವಾಂತಿ ಬಂದರೆ ಬೆಳಗಾಗಲಿ ಅಂತ ಕೂರಬೇಡ. ತಡವಾದಷ್ಟೂ ಅಂಡಾಶಯ ಉಳಿಸುವುದು ಕಷ್ಟ.

ಇನ್ನು ನಿನ್ನ ಭಯ. ಏನು ತೆಗೆಯಬಹುದು, ಏನು ಕೂಡದು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲಿ ನೀನೇ ಬರೆಸಬಹುದು. ಥಿಯೇಟರ್ ಬಾಗಿಲಲ್ಲಿ ಅವಸರದಲ್ಲಿ ಸಹಿ ಹಾಕಬೇಡ, ಮೊದಲೇ ಕೇಳಿ ತಗೊಂಡು ಓದು. ಸಿಸ್ಟೆಕ್ಟಮಿ ಅಂತಿದ್ದರೆ ಸಿಸ್ಟಿನ ಪೊರೆ ಬಿಡಿಸಿ ಅಂಡಾಶಯ ಉಳಿಸುತ್ತಾರೆ. ಊಫೊರೆಕ್ಟಮಿ, ಅಂದರೆ ಅಂಡಾಶಯವನ್ನೇ ತೆಗೆಯುವುದು, ಅಂತಲೂ ಸೇರಿಸಿದ್ದರೆ ಅದು ಯಾವಾಗ ಅಂತ ಕೇಳು. ರಕ್ತ ನಿಲ್ಲದಿದ್ದರೋ, ಚೆನ್ನಾಗಿರುವ ಭಾಗವೇ ಉಳಿದಿಲ್ಲದಿದ್ದರೋ, ಕ್ಯಾನ್ಸರಿನ ಅನುಮಾನ ಬಂದರೋ? ಇನ್ನೊಂದು ಅಂಡಾಶಯ, ಗರ್ಭಕೋಶದ ವಿಷಯದಲ್ಲಿ ನಿನ್ನ ಇಷ್ಟವೂ ಅಲ್ಲೇ ಬರಲಿ. ನಮ್ಮ ಕಾಲದ ಹೆಂಗಸರು ಯಾರೂ ಇದನ್ನು ಕೇಳಲಿಲ್ಲ, ಕೇಳಬಹುದು ಅಂತ ಹೇಳುವವರೂ ಇರಲಿಲ್ಲ. ಆ ಕೊರಗು ನನಗಿನ್ನೂ ಇದೆ.

ಹೊಟ್ಟೆ ಕೊಯ್ದೇ ಮಾಡುತ್ತೇವೆ ಅಂದರೆ ಕಾರಣ ಕೇಳು. ಕ್ಯಾನ್ಸರಿನ ಅನುಮಾನವಿರುವ ಸಿಸ್ಟನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು, ಅದಕ್ಕೆ ದೊಡ್ಡ ಗಾಯ ಬೇಕಾಗುತ್ತದೆ. ಜಿಡ್ಡು, ಕೂದಲು ತುಂಬಿರುವ ಡರ್ಮಾಯ್ಡ್ ಸಿಸ್ಟ್ ಆಗಿದ್ದು, ಒಳಗಿನ ಜಿಡ್ಡು ಚೆಲ್ಲಿದರೆ ಹೊಟ್ಟೆಯೊಳಗೆ ಉರಿಯೂತ. ಅದಕ್ಕೇ ಚೀಲದಲ್ಲಿಟ್ಟು ತೆಗೆಯುವುದು, ಚೆಲ್ಲಿದರೆ ಸಲೈನಿನಲ್ಲಿ ಚೆನ್ನಾಗಿ ತೊಳೆಯುವುದು. ಕ್ಯಾನ್ಸರಿನ ಅನುಮಾನಕ್ಕೆ ನೋಡುವ ರಕ್ತಪರೀಕ್ಷೆ ಸಿಎ 125 ಏರಿದೆ ಅಂದ ಮಾತ್ರಕ್ಕೆ ಹೆದರಬೇಡ. ಮುಟ್ಟಿನ ದಿನಗಳಲ್ಲೂ, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ.

ಮತ್ತೆ ಅಲ್ಲಿಗೇ ಬಂದೆ ನೋಡು. ಒಂದು ಅಂಡಾಶಯ ಹೋಯಿತು ಅಂತಲೇ ಇಟ್ಟುಕೋ, ಇನ್ನೊಂದು ಚೆನ್ನಾಗಿದ್ದರೆ ಮುಟ್ಟು ಬರುತ್ತದೆ, ಬಸಿರೂ ಆಗಬಹುದು. ಹಾಗಂತ ಸಿಸ್ಟನ್ನಷ್ಟೇ ಬಿಡಿಸಿದರೆ ಏನೂ ಕಳೆಯುವುದಿಲ್ಲ ಅಂತಲೂ ಅಲ್ಲ. ಪೊರೆಯ ಜೊತೆ ಒಂದಷ್ಟು ಅಂಡಾಣುಗಳೂ ಹೋಗುತ್ತವೆ, ಎಂಡೊಮೆಟ್ರಿಯೋಸಿಸ್ಸಿನಿಂದ ಹಳೇ ರಕ್ತ ತುಂಬಿಕೊಂಡ ಚಾಕಲೇಟ್ ಸಿಸ್ಟಿನಲ್ಲಿ ಹೆಚ್ಚು. ರಕ್ತ ನಿಲ್ಲಿಸಲು ಸುಟ್ಟಷ್ಟೂ ನಷ್ಟ, ಹೊಲಿಗೆಯಾದರೆ ವಾಸಿ. ಮಕ್ಕಳ ಯೋಚನೆ ಇದ್ದರೆ ಅಂಡಾಣುಗಳು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಮೊದಲೇ ಮಾಡಿಸಿಕೋ. ಡಾಕ್ಟರಿಗೆ ಪಾಠ ಹೇಳಿದ ಹಾಗಾಗುತ್ತೆ ಅನ್ನಿಸಿದರೂ ಕೇಳು.

ಉಳಿದದ್ದು ನಿನಗೆ ಅಲ್ಲಿ ಹೇಳಿಯೇ ಹೇಳುತ್ತಾರೆ. ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮುಂಚಿನಿಂದ ಊಟವಿಲ್ಲ, ಬರೀ ನೀರು 2 ಗಂಟೆ ಮುಂಚಿನವರೆಗೆ. ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮರಾ ಬಿಟ್ಟು ಮಾಡುವ ಆಪರೇಷನ್, ಆದ ಮೇಲೆ ಭುಜ ನೋಯಬಹುದು, ಹೊಟ್ಟೆಗೆ ತುಂಬಿದ ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುವುದರಿಂದ. ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೋ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಉಸಿರು ಕಟ್ಟಿದರೆ ತಕ್ಷಣ ತಿಳಿಸು.

ಇನ್ನೊಂದು. ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಹೇಳಿದ್ದು ನೆನಪಿರುವುದಿಲ್ಲ. ಏನು ತೆಗೆದಿರಿ, ಏನು ಉಳಿಸಿದಿರಿ ಅಂತ ಪೂರ್ತಿ ಎಚ್ಚರವಾದ ಮೇಲೆ ನಿನಗೇ ಇನ್ನೊಮ್ಮೆ ಹೇಳಬೇಕು ಅಂತ ಸರ್ಜನ್ ಹತ್ತಿರ ಮೊದಲೇ ಮಾತಾಡಿಕೋ. ಆಪರೇಷನ್ ನೋಟಿನ ಪ್ರತಿಯೂ ಬಯಾಪ್ಸಿ ವರದಿಯೂ ನಿನ್ನ ಕೈಯಲ್ಲೇ ಇರಲಿ, ಅಪ್ಪನ ಫೈಲಿನಲ್ಲಲ್ಲ.

ನಿನ್ನ,
ದೊಡ್ಡಮ್ಮ